ನಿಮಗಿದು ಗೊತ್ತೇ? ಕಾಡಿನ ಹಕ್ಕಿಗೆ ಹಿರಿಯರ ಮಾತೂ ಸಾಕ್ಷಿ

ಚೆನ್ನೈಯ ನಮ್ಮ ಟಿ. ನಗರ ತಲೆಯೆತ್ತುವುದಕ್ಕೆ ನಾಲ್ಕು ದಶಕ ಮೊದಲೇ, 1882ರಲ್ಲಿ, ಮದರಾಸು ಅರಣ್ಯ ಕಾಯ್ದೆ ಬಂತು. ಕಾಡನ್ನು ಮೀಸಲು ಮಾಡುವ ಮುಂಚೆ ಅಲ್ಲಿನವರು ಹಕ್ಕು ಹೇಳಿಕೊಳ್ಳಲು ಮೂರು ತಿಂಗಳ ಗಡುವು ಕೊಟ್ಟರೂ ಸಾಕಿತ್ತು. ತಲೆತಲಾಂತರದ ಬದುಕಿಗೆ ಮೂರು ತಿಂಗಳು!

ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಅದಕ್ಕೆ ಸೇರಿದ ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಆದಿವಾಸಿಗಳೂ ಮದರಾಸು ಸರ್ಕಾರದ ಆಡಳಿತದಲ್ಲೇ ಇದ್ದರು.

ಆದಿವಾಸಿಗಳಿಗೆ 'ಚಾರಿತ್ರಿಕ ಅನ್ಯಾಯ' ಆಗಿದೆಯೆಂದು ಒಪ್ಪಿಕೊಂಡದ್ದು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನದಲ್ಲಿದ್ದ ಜಮೀನಿಗೆ, 4 ಹೆಕ್ಟೇರ್ ಮೀರದಂತೆ, ಹಕ್ಕುಪತ್ರ ಸಿಗುತ್ತದೆ. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ. ಮಕ್ಕಳಿಗೆ ಬರುತ್ತದೆ, ಮಾರುವಂತಿಲ್ಲ.

ಅರ್ಜಿ ಮೊದಲು ಹೋಗಬೇಕಾದ್ದು ಅರಣ್ಯ ಇಲಾಖೆಗಲ್ಲ, ಗ್ರಾಮಸಭೆಗೆ. ಊರಿನವರೇ ಇರುವ ಅರಣ್ಯ ಹಕ್ಕು ಸಮಿತಿ ಸ್ಥಳಕ್ಕೆ ಹೋಗಿ ನೋಡುತ್ತದೆ. ಆಮೇಲೆ ಉಪವಿಭಾಗ ಸಮಿತಿ. ಕೊನೆಯ ತೀರ್ಮಾನ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯದು.

ಕಾಗದಪತ್ರ ಇಲ್ಲದಿದ್ದರೆ? ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ದೇವರ ಬನ ಇವೂ ಸಾಕ್ಷ್ಯವೇ; ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೆ. ಈ ಕಾಯ್ದೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ಇದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡನ್ನು ಗುರುತಿಸುವುದು ಸರ್ವೆ ನಂಬರಿನಿಂದಲ್ಲ: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ತಾಣಗಳಿಂದ. ಹಿರಿಯರು ಸಂಶೋಧಕರ ಜೊತೆ ಕಾಡೆಲ್ಲ ನಡೆದು ಇಂಥ ನಾನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಗೆ ಏರಿಸಿದ್ದಾರೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವುಗಳಲ್ಲೆಲ್ಲ ಹೆಸರಾದದ್ದು.

ಆ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವುದು ಅವರ ಹಕ್ಕಾಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇಂಥದ್ದು ಇದೇ ಮೊದಲು.

ತಮಿಳುನಾಡು ಮಾತ್ರ ಹಿಂದೆ ಬಿತ್ತು. ತನ್ನ ಅನುಮತಿಯಿಲ್ಲದೆ ಹಕ್ಕುಪತ್ರ ಕೊಡಬಾರದೆಂದು ಮದರಾಸು ಹೈಕೋರ್ಟ್ 2008ರಲ್ಲಿ ಹೇಳಿತ್ತು. ಆ ತಡೆ ತೆರವಾದದ್ದು 2016ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ.

ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದೇ ತಿಂಗಳು 28ರಂದು ತಾನೇ ಅದಕ್ಕೆ ತಡೆ ಕೊಟ್ಟಿತು.

ತಿರಸ್ಕರಿಸಿದರೆ ಕಾರಣವನ್ನು ಅರ್ಜಿದಾರರಿಗೆ ಬರೆದು ತಿಳಿಸಲೇಬೇಕು. 60 ದಿನದೊಳಗೆ ಮೇಲಿನ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು. ತಾಳವಾಡಿ, ಸತ್ಯಮಂಗಲದ ಕಡೆಯ ಕಾಡಿನವರು ಯಾರಾದರೂ ನಿಮಗೆ ಪರಿಚಯವಿದ್ದರೆ ದಯವಿಟ್ಟು ಇದನ್ನು ತಿಳಿಸಿ.