ಗುಬ್ಬಿಯಾಟದ ಬಿಲ್ಲೆಗಳು

ಚೀನಾ ದೇಶದ ಊರುಗಳಲ್ಲಿ ಸಂಜೆಯ ಹೊತ್ತು ತೆರೆದ ಕಿಟಕಿಗಳಿಂದ ಒಂದು ಬಗೆಯ ಕಟಕಟ ಸದ್ದು ಕೇಳಿಬರುವುದುಂಟು. ಚೌಕಾಕಾರದ ಮೇಜಿನ ಸುತ್ತ ಕುಳಿತ ನಾಲ್ವರು ನೂರಕ್ಕೂ ಮಿಕ್ಕ ಬಿಲ್ಲೆಗಳನ್ನು ಅಂಗೈಗಳಿಂದ ಕಲಸುವ ಸದ್ದು ಅದು. ಗುಬ್ಬಿಗಳ ಹಿಂಡು ಒಮ್ಮೆಲೇ ಚಿಲಿಪಿಲಿಗುಟ್ಟಿದಂತೆ ಕೇಳುವ ಈ ಸದ್ದಿನಿಂದಲೇ ಆಟಕ್ಕೆ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಆಟದ ಹಳೆಯ ಚೀನೀ ಹೆಸರಿಗೆ ಗುಬ್ಬಿ ಎಂದೇ ಅರ್ಥ. ಹೊರಜಗತ್ತು ಅದನ್ನು ಮಾಜಾಂಗ್ ಎಂದು ಕರೆಯುತ್ತದೆ.

19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಈ ಆಟ ಇಸ್ಪೀಟಿನ ರಮ್ಮಿಯನ್ನು ಬಲ್ಲವರಿಗೆ ತೀರ ಅಪರಿಚಿತವೆನಿಸದು. ಕೈಯಲ್ಲಿ 13 ಬಿಲ್ಲೆಗಳು. ಸರದಿ ಬಂದಾಗ ಒಂದನ್ನು ಎತ್ತಿ, ಬೇಡದ ಒಂದನ್ನು ಬಿಡಬೇಕು. ಒಂದೇ ಬಗೆಯ ಮೂರು ಅಥವಾ ಅನುಕ್ರಮವಾದ ಮೂರು ಬಿಲ್ಲೆಗಳ ನಾಲ್ಕು ಕಟ್ಟುಗಳೂ ಒಂದು ಜೋಡಿಯೂ ಕೂಡಿದರೆ ಗೆಲವು. ಬಿಲ್ಲೆಗಳಲ್ಲಿ ಮೂರು ಬಣಗಳಿವೆ. ವೃತ್ತವೆಂದರೆ ಚೀನಾದ ಹಳೆಯ ನಾಣ್ಯ. ಬಿದಿರಿನ ಕಡ್ಡಿಯಂತೆ ಕಾಣುವುದು ನಾಣ್ಯಗಳನ್ನು ಪೋಣಿಸಿದ ಸರ. ಮೂರನೆಯದರಲ್ಲಿ ಹತ್ತುಸಾವಿರ ಎಂಬ ಅಕ್ಷರವಿದೆ. ಒಂದರಿಂದ ಒಂಬತ್ತರವರೆಗೆ ಪ್ರತಿಯೊಂದಕ್ಕೂ ನಾಲ್ಕು ಪ್ರತಿಗಳಿದ್ದು ಇವು 108 ಆಗುತ್ತವೆ. ಇವುಗಳೊಡನೆ ನಾಲ್ಕು ದಿಕ್ಕಿನ ಗಾಳಿಗಳು 16, ಪಾಶ್ಚಾತ್ಯರು ಡ್ರ್ಯಾಗನ್ ಎಂದು ಹೆಸರಿಟ್ಟ ಕೆಂಪು, ಹಸಿರು, ಬಿಳಿ ಬಿಲ್ಲೆಗಳು 12.

ಇಂಥದೊಂದು ಕಟ್ಟನ್ನು ಮನೆಗೆ ಕೊಳ್ಳಹೊರಟವರ ಕಣ್ಣು ಮೊದಲು ಬೀಳುವುದು ಬಿಲ್ಲೆಯ ಮುಖದ ಮೇಲೆ. ಅದರಲ್ಲಿನ ಹೂವು, ಹಕ್ಕಿ, ಬಣ್ಣದ ಲಿಪಿಗಳು ಅಷ್ಟು ಸೊಗಸಾಗಿರುತ್ತವೆ. ಆದರೆ ನೋಡಬೇಕಾದುದು ಅದರ ಬೆನ್ನನ್ನು. ಆಟವೆಲ್ಲವೂ ನಿಂತಿರುವುದು ಒಂದು ಒಪ್ಪಂದದ ಮೇಲೆ: ಮಗುಚಿಟ್ಟ ಬಿಲ್ಲೆ ಯಾವುದೆಂದು ಯಾರಿಗೂ ತಿಳಿಯಬಾರದು. ಮೈಸೂರಿನ ಗಂಜೀಫಾ ಎಲೆಗಳ ಮುಖದಲ್ಲಿ ಎಷ್ಟೇ ಕುಸುರಿಯ ಚಿತ್ರವಿದ್ದರೂ ಬೆನ್ನಿಗೆ ಒಂದೇ ಬಣ್ಣ ಬಳಿಯುತ್ತಿದ್ದುದು ಇದೇ ಕಾರಣಕ್ಕಾಗಿ.

ಹಳೆಯ ಕಾಲದ ಬಿಲ್ಲೆಗಳಲ್ಲಿ ಈ ಒಪ್ಪಂದವನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಅವುಗಳ ಮುಖ ದನದ ಮೂಳೆಯದು, ಬೆನ್ನು ಬಿದಿರಿನದು. ಎರಡನ್ನೂ ಒಂದರೊಳಗೊಂದು ಕಚ್ಚಿಕೊಳ್ಳುವಂತೆ ಕೊರೆದು ಕೂಡಿಸುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ಹುಚ್ಚು ಹಬ್ಬಿದಾಗ ಚೀನಾದಲ್ಲಿ ಮೂಳೆಗೇ ಅಭಾವವುಂಟಾಯಿತು. ಆಗ ಅಮೆರಿಕದ ಕಸಾಯಿಖಾನೆಗಳ ಮೂಳೆ ಹಡಗೇರಿ ಶಾಂಘೈಗೆ ಹೋಗಿ, ಬಿಲ್ಲೆಗಳಾಗಿ ಮರಳಿ ಬರುತ್ತಿತ್ತು! ಆ ಬಿಲ್ಲೆಗಳ ಚೆಲುವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಿದಿರು ಪ್ರಕೃತಿಯ ವಸ್ತು. ಒಂದರ ನಾರಿನ ಗೆರೆ ಇನ್ನೊಂದರಂತಿರುವುದಿಲ್ಲ. ಮನೆಯವರಿಗೆ ಮೋಸದ ಉದ್ದೇಶ ಇರಬೇಕಾಗಿಲ್ಲ. ಹತ್ತು ವರ್ಷ ಅದೇ ಕಟ್ಟಿನಲ್ಲಿ ಆಡಿದ ಕಣ್ಣು ಈ ಕಪ್ಪು ಗೆರೆಯದು ಕೆಂಪು ಡ್ರ್ಯಾಗನ್, ಆ ಮೂಲೆ ಮುರಿದದ್ದು ಪೂರ್ವದ ಗಾಳಿ ಎಂದು ತಾನಾಗಿಯೇ ಗುರುತಿಸುತ್ತದೆ, ಮರೆಯಬೇಕೆಂದರೂ ಮರೆಯಲಾಗದು. ಅಂಥ ಮನೆಗೆ ಬಂದ ಅತಿಥಿ ಆಟಕ್ಕೆ ಮೊದಲೇ ಅರ್ಧ ಸೋತಿರುತ್ತಾನೆ.

ಹಳೆಯ ಕಟ್ಟುಗಳನ್ನು ದಂತದವೆಂದು ಹೇಳಿ ಹೆಚ್ಚು ಬೆಲೆಗೆ ಮಾರುವವರೂ ಉಂಟು. ಮೂಳೆಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳೂ ಗೀರುಗಳೂ ಕಾಣುತ್ತವೆ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ನವುರಾದ ಗೆರೆಗಳ ಜಾಲವಿರುತ್ತದೆ. ಭಾರತದಲ್ಲಿ ದಂತದ ವ್ಯಾಪಾರವೇ ನಿಷಿದ್ಧವಾದುದರಿಂದ ನಿಜವಾದ ದಂತವಾದರೂ ಅದನ್ನು ಕೊಳ್ಳುವಂತಿಲ್ಲ.

ಬಿಲ್ಲೆಗಳ ಬೆನ್ನು ಒಂದೇ ತೆರನಾಗುವುದಕ್ಕೆ ಬೇಕಾಗಿದ್ದುದು ಮನುಷ್ಯನೇ ಎರಕಹೊಯ್ದ ವಸ್ತು. ಬೇಕಲೈಟ್ ಬಂದಿತು, ಅನಂತರ ಬಗೆಬಗೆಯ ಪ್ಲಾಸ್ಟಿಕ್‌ಗಳು ಬಂದವು. ಇಂದು ಮೆಲಮೈನ್, ಅಕ್ರಿಲಿಕ್ ಬಿಲ್ಲೆಗಳು ಸಾಮಾನ್ಯವಾಗಿವೆ. ಕೊಳ್ಳುವಾಗ ಎಲ್ಲ ಬಿಲ್ಲೆಗಳನ್ನೂ ಮಗುಚಿಟ್ಟು, ಬೆಳಕಿಗೆ ಓರೆಯಾಗಿ ನೋಡಿ, ಬೆರಳಿನಿಂದ ಸವರಬೇಕು. ಬಣ್ಣದ ಛಾಯೆ, ಗೀರು, ಉಬ್ಬು ಯಾವುದೂ ಒಂದನ್ನು ಮತ್ತೊಂದರಿಂದ ಬೇರ್ಪಡಿಸುವಂತಿರಬಾರದು. ಅಂಗಡಿಯವನು ಬೇಸರಪಟ್ಟರೂ ಈ ಪರೀಕ್ಷೆಯನ್ನು ಬಿಡಬಾರದು.

ಎಷ್ಟು ಬಿಲ್ಲೆಗಳು ಬೇಕೆಂಬುದು ಯಾವ ಪದ್ಧತಿಯಲ್ಲಿ ಆಡುತ್ತಾರೆಂಬುದನ್ನು ಅವಲಂಬಿಸಿದೆ. ಜಪಾನೀಯರಿಗೆ 136 ಸಾಕು. ಹಾಂಗ್‌ಕಾಂಗ್‌ನವರು ಹೂವು ಮತ್ತು ಋತುಗಳ ಎಂಟನ್ನು ಸೇರಿಸಿ 144 ಮಾಡುತ್ತಾರೆ. ಸಿಂಗಪುರದಲ್ಲಿ ಬೆಕ್ಕು, ಇಲಿ, ಹುಂಜ, ಶತಪದಿ ಎಂಬ ನಾಲ್ಕು ಪ್ರಾಣಿಗಳು ಕೂಡಿ 148 ಆಗುತ್ತವೆ. ಬೆಕ್ಕು ಇಲಿಯನ್ನೂ ಹುಂಜ ಶತಪದಿಯನ್ನೂ ಹಿಡಿಯುವುದು ಅಲ್ಲಿನ ವಿನೋದ. ಅಮೆರಿಕದವರ ಕಟ್ಟಿನಲ್ಲಿ ಎಂಟು ಜೋಕರ್‌ಗಳು ಸೇರಿ 152. ಆದ್ದರಿಂದ ಜೊತೆಗೆ ಆಡುವವರನ್ನು ಕೇಳಿಕೊಂಡು ಅಂಗಡಿಗೆ ಹೋಗುವುದು ಜಾಣತನ.

ಗಾತ್ರದ ವಿಷಯದಲ್ಲಿ ಮೇಜನ್ನು ಮರೆಯುವಂತಿಲ್ಲ. ಆಟದ ಆರಂಭದಲ್ಲಿ ಪ್ರತಿಯೊಬ್ಬರೂ ತಮ್ಮ ಮುಂದೆ ಬಿಲ್ಲೆಗಳ ಗೋಡೆ ಕಟ್ಟಬೇಕು. 144ರ ಕಟ್ಟಿನಲ್ಲಿ ಗೋಡೆಯ ಉದ್ದ 18 ಬಿಲ್ಲೆ, ಎತ್ತರ ಎರಡು. ದೊಡ್ಡ ಚೀನೀ ಬಿಲ್ಲೆ ಸುಮಾರು 40 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲವಿದ್ದರೆ ಒಂದು ಗೋಡೆಯೇ 54 ಸೆಂಟಿಮೀಟರ್ ಆಯಿತು. ಜಪಾನಿನ ಬಿಲ್ಲೆ ಸುಮಾರು 26 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ಅಗಲ. ಅದರ 17 ಬಿಲ್ಲೆಗಳ ಗೋಡೆಗೆ 34 ಸೆಂಟಿಮೀಟರ್ ಸಾಕು. ಗೋಡೆಯ ಹಿಂದೆ ಕೈಯ ಬಿಲ್ಲೆಗಳಿಗೆ, ನಡುವೆ ಬಿಟ್ಟ ಬಿಲ್ಲೆಗಳಿಗೆ ಎಡೆ ಬೇಕಾದುದರಿಂದ ಮೇಜಿನ ಬದಿ 85-90 ಸೆಂಟಿಮೀಟರ್ ಇದ್ದರೆ ಹಿತ. ಮೇಲೆ ದಪ್ಪ ಬಟ್ಟೆ ಹಾಸಿದರೆ ಬಿಲ್ಲೆಗಳ ಮೂಲೆ ಮುರಿಯದು. ಗುಬ್ಬಿಗಳ ಗಲಾಟೆ ನೆರೆಮನೆಯವರ ನಿದ್ದೆಯನ್ನೂ ಕೆಡಿಸದು. ಬಿಲ್ಲೆಗಳನ್ನು ತಾನೇ ಕಲಸಿ ಗೋಡೆ ಕಟ್ಟಿಕೊಡುವ ಯಂತ್ರದ ಮೇಜುಗಳೂ ಈಗ ಇವೆ. ಅವುಗಳಿಗೆ ಒಳಗೆ ಅಯಸ್ಕಾಂತವಿರುವ ಬಿಲ್ಲೆಗಳೇ ಬೇಕು.

ಭಾರತದಲ್ಲಿ ಕೊಲ್ಕತ್ತದ ಚೀನೀ ಸಮುದಾಯದವರೂ, ಮುಂಬಯಿಯ ಗೃಹಿಣಿಯರೂ, ಸೈನ್ಯಾಧಿಕಾರಿಗಳ ಕುಟುಂಬದವರೂ ಈ ಆಟವನ್ನು ಆಡುತ್ತ ಬಂದಿದ್ದಾರೆ. ಚೀನೀ ಲಿಪಿಯನ್ನರಿಯದವರು ಮೂಲೆಯಲ್ಲಿ 1, 2, 3 ಎಂದು ಅಂಕಿ ಕೊರೆದ ಬಿಲ್ಲೆಗಳನ್ನು ಆರಿಸುವುದು ಒಳ್ಳೆಯದು. ದಾಳಗಳು, ಲೆಕ್ಕದ ಕಡ್ಡಿ ಅಥವಾ ಬಿಲ್ಲೆಗಳು ಹೇಗಿದ್ದರೂ ನಡೆಯುತ್ತದೆ.

ಕೆಲವು ಕಟ್ಟುಗಳಲ್ಲಿ ಏನೂ ಕೆತ್ತದ ನಾಲ್ಕು ಬಿಲ್ಲೆಗಳು ಹೆಚ್ಚಿಗೆ ಇರುತ್ತವೆ. ಅವನ್ನು ಎಸೆಯಬಾರದು. ಒಂದು ಬಿಲ್ಲೆ ಕಳೆದರೆ ಮಿಕ್ಕ 143 ನಿಷ್ಪ್ರಯೋಜಕವಾಗುತ್ತವೆ. ಆಗ ಬರಿಯ ಬಿಲ್ಲೆಯ ಮೇಲೆ ಬೇಕಾದುದನ್ನು ಬರೆದುಕೊಳ್ಳಬಹುದು. ಹಾಂಗ್‌ಕಾಂಗ್‌ನಲ್ಲಿ ಕೈಯಿಂದಲೇ ಬಿಲ್ಲೆ ಕೆತ್ತುವ ಕೆಲವೇ ಕಸಬುದಾರರು ಉಳಿದಿದ್ದಾರೆ. ಅವರ ಕಸಬು 2014ರಲ್ಲಿ ಅಲ್ಲಿನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ಅವರು ಕಳೆದುಹೋದ ಬಿಲ್ಲೆಯೊಂದನ್ನು ಮತ್ತೆ ಕೆತ್ತಬಲ್ಲರು. ಆದರೆ ಹಳೆಯ ಬಿಲ್ಲೆಗಳು ಬಳಕೆಯಿಂದ ಹಳದಿಗೆ ತಿರುಗಿದ್ದರೆ, ಹೊಸತು ಎಷ್ಟೇ ನಾಜೂಕಾಗಿದ್ದರೂ ಮಗುಚಿಟ್ಟಾಗ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಬಲ್ಲವರು ಆಟ ಮುಗಿದೊಡನೆ ಬಿಲ್ಲೆಗಳನ್ನು ಎಣಿಸಿಯೇ ಪೆಟ್ಟಿಗೆ ಮುಚ್ಚುತ್ತಾರೆ.