ಕಣ್ಣಿನ ಪೊರೆಗೂ ಮೈಕ್ರೋಆರ್‌ಎನ್‌ಎಗೂ ಏನು ನಂಟು?

ಪ್ರಶ್ನೆ: ವಯಸ್ಸಾದವರ ಕಣ್ಣಿಗೆ ಪೊರೆ ಬರುವುದರಲ್ಲಿ ಮೈಕ್ರೋಆರ್‌ಎನ್‌ಎ ಪಾತ್ರವಿದೆಯೇ?

ಉತ್ತರ: ಇರುವಂತಿದೆ. ಮಸೂರದ ನಡುಭಾಗದ ಕ್ರಿಸ್ಟಲಿನ್ ಪ್ರೋಟೀನುಗಳು ನಾವು ಹುಟ್ಟುವ ಮೊದಲೇ ತಯಾರಾದವು. ಹಾಳಾದರೆ ಬದಲಿಯಿಲ್ಲ, ಮುದ್ದೆಗಟ್ಟಿ ಬೆಳಕನ್ನು ಚದುರಿಸುತ್ತವೆ. ಅದೇ ಪೊರೆ. ಮಸೂರವನ್ನು ಜೀವಮಾನವಿಡೀ ಪೋಷಿಸುವುದು ಅದರ ಮುಂಬದಿಯ ಒಂದೇ ಒಂದು ಪದರದ ಜೀವಕೋಶಗಳು. ನೆನೆದರೆ ಅಚ್ಚರಿಯಾಗುತ್ತದೆ.

ಮೈಕ್ರೋಆರ್‌ಎನ್‌ಎ ಎಂಬುದು ಸುಮಾರು 22 ಅಕ್ಷರಗಳ ಆರ್‌ಎನ್‌ಎ ತುಣುಕು. ಜೀನ್ ಕಳಿಸಿದ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತದೆ. ಇದನ್ನು 1993ರಲ್ಲಿ ಹುಳುವೊಂದರಲ್ಲಿ ಕಂಡವರಿಗೆ 2024ರ ನೊಬೆಲ್ ಸಂದಿತು. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಸೂರದ ಆ ಮುಂಬದಿಯ ಪದರವನ್ನು ಪರೀಕ್ಷಿಸಿದಾಗ, ಲೆಟ್-7ಬಿ ಮತ್ತು ಮಿರ್-34ಎ ಎಂಬ ಮೈಕ್ರೋಆರ್‌ಎನ್‌ಎಗಳು ಹೆಚ್ಚಿದ್ದಲ್ಲಿ ಪೊರೆಯೂ ದಟ್ಟವಾಗಿತ್ತು. ಆದರೆ ಜೊತೆಗಿದ್ದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಚಿಕಿತ್ಸೆಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ದಾರಿ. ಹನಿ ಹಾಕಿ ಪೊರೆ ಕರಗಿಸುತ್ತೇವೆನ್ನುವವರನ್ನು ದಯವಿಟ್ಟು ನಂಬಬೇಡಿ.