ಹಡಗಿನ ಊಟಕ್ಕೆ ಕೋಟು ಬೇಕಾ, ಪಂಚೆ ಸಾಕಾ?

ಅಪ್ಪ ಅಮ್ಮನ್ನ ಕರ್ಕೊಂಡು ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಮಾಡಿ ಬಂದ ಮೇಲೆ ಆಫೀಸಿನಲ್ಲಿ ನನಗೊಂದು ಹೊಸ ಹುದ್ದೆ ಸಿಕ್ಕಿದೆ. ಯಾರು ಕ್ರೂಸ್ ಬುಕ್ ಮಾಡಿದರೂ ಮೊದಲು ನನಗೇ ಮೆಸೇಜ್. ವೀಸಾ ಬಗ್ಗೆ ಕೇಳೋರು ಕಡಿಮೆ, ವಾಂತಿ ಮಾತ್ರೆ ಬಗ್ಗೆ ಕೇಳೋರು ಇನ್ನೂ ಕಡಿಮೆ. ಹತ್ತರಲ್ಲಿ ಎಂಟು ಜನ ಕೇಳೋದು ಒಂದೇ ಪ್ರಶ್ನೆ: "ಗುರೂ, ಫಾರ್ಮಲ್ ನೈಟ್ ಅಂತ ಬರ್ದಿದೆ. ಸೂಟ್ ತಗೊಂಡು ಹೋಗ್ಲೇಬೇಕಾ?"

ಪ್ರಶ್ನೆ ಬಟ್ಟೆಯದ್ದು ಅಂತ ಕಂಡರೂ ಅದರ ಹಿಂದಿರುವುದು ಬೇರೆ. ಗೊತ್ತಿಲ್ಲದ ಜನರ ನಡುವೆ ನಾವು ಪೆದ್ದರ ಥರ ಕಾಣ್ತೀವಾ, ಬಾಗಿಲಲ್ಲಿ ಯಾರಾದ್ರೂ ತಡೀತಾರಾ, ಜೊತೆಗಿರೋ ಅಪ್ಪ ಅಮ್ಮನಿಗೆ ಮುಜುಗರ ಆಗುತ್ತಾ ಅನ್ನೋ ಅಳುಕು ಅದು. ಅದಕ್ಕೇ ಒಂದೇ ಸಲ ಎಲ್ಲವನ್ನೂ ಬರೆದುಬಿಡೋಣ ಅಂತ ಕೂತಿದ್ದೇನೆ.

ಏನಿದು ಫಾರ್ಮಲ್ ನೈಟ್?

ದೊಡ್ಡ ಕ್ರೂಸ್ ಹಡಗುಗಳಲ್ಲಿ ಊಟಕ್ಕೆ ಹಲವು ಜಾಗಗಳಿರುತ್ತವೆ. ಬಫೆ ಇದೆ, ಪಿಜ್ಜಾ ಮೂಲೆ ಇದೆ, ಹೆಚ್ಚು ದುಡ್ಡು ಕೊಟ್ಟು ಹೋಗುವ ರೆಸ್ಟೋರೆಂಟ್‌ಗಳಿವೆ. ಇವುಗಳ ಜೊತೆ ಟಿಕೆಟ್ ಬೆಲೆಯಲ್ಲೇ ಸೇರಿರುವ ಮುಖ್ಯ ಭೋಜನಶಾಲೆ ಒಂದಿರುತ್ತದೆ: ಬಿಳಿ ಮೇಜುಬಟ್ಟೆ, ಮೆನು ಕಾರ್ಡ್, ಹೆಸರು ಹಿಡಿದು ಮಾತಾಡಿಸುವ ವೇಟರ್. ಪ್ರವಾಸದ ಒಂದೋ ಎರಡೋ ರಾತ್ರಿ ಅಲ್ಲಿಗೆ ಸಿಂಗರಿಸಿಕೊಂಡು ಬನ್ನಿ ಅಂತ ಕಂಪನಿ ಕೇಳುತ್ತದೆ. ಸಾಮಾನ್ಯವಾಗಿ ಇದು ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ಸಮುದ್ರದಲ್ಲೇ ಇರುವ ದಿನ. ಮೂರ್ನಾಲ್ಕು ರಾತ್ರಿಯ ಕ್ರೂಸ್ ಆದರೆ ಒಂದು ಸಲ, ವಾರದ್ದಾದರೆ ಎರಡು ಸಲ.

ಆ ಸಂಜೆ ಹಡಗಿನ ತುಂಬ ಫೋಟೋಗ್ರಾಫರ್‌ಗಳು. ಮೆಟ್ಟಿಲ ಹತ್ತಿರ, ಲಾಬಿಯಲ್ಲಿ ಪರದೆ ಕಟ್ಟಿ ನಿಂತಿರುತ್ತಾರೆ. ಫೋಟೋ ತೆಗೆಸಿಕೊಳ್ಳೋದು ಫ್ರೀ, ಪ್ರತಿ ಬೇಕಂದ್ರೆ ಡಾಲರ್ ಲೆಕ್ಕ. ನೀವು ಚೆನ್ನಾಗಿ ಡ್ರೆಸ್ ಮಾಡ್ಕೊಂಡ್ರೆ ಫೋಟೋ ಕೊಳ್ಳುವ ಸಾಧ್ಯತೆಯೂ ಜಾಸ್ತಿ. ಅಂದರೆ ಈ ಸಂಪ್ರದಾಯದ ಹಿಂದೆ ಒಂದು ಬಿಸಿನೆಸ್ ಲಾಜಿಕ್ಕೂ ಇದೆ. ಇಷ್ಟು ತಿಳಿದರೆ ಅರ್ಧ ಭಯ ಹೋಗುತ್ತದೆ.

ಪೆಟ್ಟಿಗೆಗಳ ಕಾಲದ ಪದ್ಧತಿ

ಈ ರೂಢಿ ಬಂದದ್ದು ವಿಮಾನಗಳಿಲ್ಲದ ಕಾಲದ ಹಡಗುಗಳಿಂದ. ಯುರೋಪಿನಿಂದ ಅಮೆರಿಕಕ್ಕೆ ಹೋಗಲು ಹಡಗೇ ಗತಿಯಾಗಿದ್ದಾಗ ಫಸ್ಟ್ ಕ್ಲಾಸಿನವರು ಪ್ರತಿ ರಾತ್ರಿ ಊಟಕ್ಕೆ ಬಟ್ಟೆ ಬದಲಿಸುತ್ತಿದ್ದರು. ದೊಡ್ಡ ಪೆಟ್ಟಿಗೆಗಳನ್ನು ಹೊರಲು ಆಳುಗಳಿದ್ದರು. ಪ್ರಯಾಣದಲ್ಲಿ ಬೇಡದ ಪೆಟ್ಟಿಗೆಗಳಿಗೆ 'ಪ್ರಯಾಣದಲ್ಲಿ ಬೇಕಿಲ್ಲ' ಅಂತ ಚೀಟಿ ಅಂಟಿಸಿ ಹಡಗಿನ ಹೊಟ್ಟೆಗೆ ಕಳಿಸುತ್ತಿದ್ದರು. ಒಂದು ಸ್ವಾರಸ್ಯ ನೋಡಿ: ಅಂಥ ಕಟ್ಟುನಿಟ್ಟಿನ ಕಾಲದಲ್ಲೂ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಸಿಂಗಾರಕ್ಕೆ ವಿನಾಯಿತಿ ಇತ್ತು. ಮೊದಲ ದಿನ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಕೊನೆಯ ದಿನ ಕಟ್ಟಿಯಾಗಿರುತ್ತದೆ!

ಅದೇ ಹಡಗಿನ ಕೆಳಗಿನ ಅಂತಸ್ತಿನಲ್ಲಿ ಮೂರನೇ ದರ್ಜೆಯ ವಲಸಿಗರಿರುತ್ತಿದ್ದರು. ಅವರಿಗೆ ಈ ನಿಯಮ ಇರಲಿಲ್ಲ, ಆ ಭೋಜನಶಾಲೆಗೆ ಪ್ರವೇಶವೂ ಇರಲಿಲ್ಲ. ಟಕ್ಸಿಡೊ ಅಂತ ನಾವು ಕರೆಯುವ ಕೋಟಿಗೆ ಆ ಹೆಸರು ಬಂದದ್ದು ನ್ಯೂಯಾರ್ಕ್ ಹತ್ತಿರದ ಟಕ್ಸಿಡೊ ಪಾರ್ಕ್ ಎಂಬ ಶ್ರೀಮಂತರ ಊರಿನಿಂದ, 1880ರ ದಶಕದಲ್ಲಿ. ಅಂದರೆ ಬಟ್ಟೆ ಆಗ ಒಂದು ಗಡಿಗೋಡೆ. ಯಾರು ಮೇಲೆ, ಯಾರು ಕೆಳಗೆ ಅಂತ ಹೇಳುವ ಬೋರ್ಡು.

1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಹಾರಾಟ ಶುರುವಾಯಿತು. ಊರಿಂದೂರಿಗೆ ಹೋಗಲು ಹಡಗು ಬೇಕಿಲ್ಲವಾಯಿತು. ಹಡಗು ಕಂಪನಿಗಳು ಮಜಾ ಮಾಡಲು ಹಡಗು ಹತ್ತಿ ಅಂದವು. 1972ರಲ್ಲಿ ಶುರುವಾದ ಕಾರ್ನಿವಲ್ ತನ್ನ ಹಡಗುಗಳನ್ನು 'ಫನ್ ಶಿಪ್' ಅಂತಲೇ ಮಾರಿತು. ದರ್ಜೆಗಳ ಗೋಡೆ ಬಹುಮಟ್ಟಿಗೆ ಬಿತ್ತು, ಸಿಂಗಾರದ ರಾತ್ರಿ ಮಾತ್ರ ಉಳಿಯಿತು. ಈಗ ಅದು ಎಲ್ಲರಿಗೂ ಒಂದು ರಾತ್ರಿ ಫಸ್ಟ್ ಕ್ಲಾಸಿನವರಾಗುವ ಆಟ.

ಯಾವ ಹಡಗಿನಲ್ಲಿ ಎಷ್ಟು ಕಟ್ಟುನಿಟ್ಟು?

ಇಲ್ಲೇ ಹೆಚ್ಚಿನವರು ಗೊಂದಲ ಮಾಡ್ಕೊಳ್ಳೋದು. ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ.

ಅತಿ ಕಟ್ಟುನಿಟ್ಟು ಬ್ರಿಟಿಷ್ ಮೂಲದ ಕ್ಯೂನಾರ್ಡ್. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ಹೋಗುವ ಇವರ ಕ್ವೀನ್ ಮೇರಿ 2 ಹಡಗಿನಲ್ಲಿ 'ಗಾಲಾ ಸಂಜೆ'ಗಳಿರುತ್ತವೆ. ಗಂಡಸರಿಗೆ ಟಕ್ಸಿಡೊ ಅಥವಾ ಗಾಢ ಬಣ್ಣದ ಸೂಟು, ಹೆಂಗಸರಿಗೆ ಗೌನ್ ಥರದ ಉಡುಪು. ಆದರೆ ಅವರ ನಿಯಮದಲ್ಲೇ ಇನ್ನೊಂದು ಮಾತೂ ಇದೆ: ಔಪಚಾರಿಕವಾದ ರಾಷ್ಟ್ರೀಯ ಉಡುಪು ಕೂಡ ಸಲ್ಲುತ್ತದೆ. ಸ್ಕಾಟ್ಲೆಂಡಿನವರ ಕಿಲ್ಟ್ ಸಲ್ಲುವ ಹಾಗೆ. ಬೇಡ ಅನ್ನುವವರಿಗೆ ಬಫೆ ಮತ್ತು ಪಬ್ಬು ತೆರೆದೇ ಇರುತ್ತವೆ.

ನಮ್ಮವರು ಸಿಂಗಪುರದಿಂದ ಹೆಚ್ಚಾಗಿ ಹತ್ತುವ ರಾಯಲ್ ಕೆರಿಬಿಯನ್, ಅಮೆರಿಕದ ಕಾರ್ನಿವಲ್, ಇಟಲಿಯ ನಂಟಿನ ಎಂಎಸ್‌ಸಿ ಇವೆಲ್ಲ ನಡುಮಧ್ಯ. ಸೂಟು, ಕಾಕ್‌ಟೇಲ್ ಡ್ರೆಸ್ಸು ಅಂತ ಸೂಚನೆ ಇರುತ್ತದೆ. ನಡೆಯುವುದು ಹೆಚ್ಚಾಗಿ ಉದ್ದ ತೋಳಿನ ಶರ್ಟು, ಒಳ್ಳೆ ಪ್ಯಾಂಟು. ಈಜುಡುಗೆ, ಬನಿಯನ್ ಥರದ ಟೀಶರ್ಟು ಹಾಕ್ಕೊಂಡು ಮುಖ್ಯ ಭೋಜನಶಾಲೆಗೆ ಬರುವ ಹಾಗಿಲ್ಲ ಅಷ್ಟೆ.

ಇನ್ನೊಂದು ತುದಿಯಲ್ಲಿ ನಾರ್ವೇಜಿಯನ್. 2000ದಲ್ಲಿ 'ಫ್ರೀಸ್ಟೈಲ್' ಅಂತ ಶುರುಮಾಡಿ, ನಿಮಗೆ ಬೇಕಾದಾಗ ಬೇಕಾದಲ್ಲಿ ಊಟ, ಸಿಂಗಾರ ನಿಮ್ಮಿಷ್ಟ ಅಂದರು. ಸೆಲೆಬ್ರಿಟಿ ಕಂಪನಿ 2015ರ ಕೊನೆಯಲ್ಲಿ ಫಾರ್ಮಲ್ ಎಂಬ ಪದವನ್ನೇ ಕೈಬಿಟ್ಟು 'ಈವನಿಂಗ್ ಶಿಕ್' ಅಂತ ಮೆದು ಮಾಡಿತು. ವರ್ಜಿನ್ ವಾಯೇಜಸ್‌ನಲ್ಲಿ ಫಾರ್ಮಲ್ ನೈಟ್ ಇಲ್ಲ, ಬದಲಿಗೆ ಎಲ್ಲರೂ ಕೆಂಪು ಬಟ್ಟೆ ಹಾಕ್ಕೊಂಡು ಕುಣಿಯುವ ಒಂದು ರಾತ್ರಿ ಇದೆ.

ಹಾಗಾಗಿ ಮೊದಲ ಕೆಲಸ: ಬುಕ್ ಮಾಡಿದ ಕಂಪನಿಯ ವೆಬ್‌ಸೈಟಿನಲ್ಲಿ ಡ್ರೆಸ್ ಕೋಡ್ ಪುಟ ಓದಿ. ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದು ಬೇರೆ ಹಡಗಿನ ಕಥೆ ಆಗಿರಬಹುದು.

ಅಪ್ಪ ಮತ್ತು ಪಂಚೆ

ಅಪ್ಪ ಕಡೂರಿನ ಕಡೆ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಜೀವನದಲ್ಲಿ ಕೋಟು ಹಾಕಿದ್ದು ಒಂದೇ ಸಲ, ತಮ್ಮ ಮದುವೆ ರಿಸೆಪ್ಷನ್‌ನಲ್ಲಿ, ಅದೂ ಸೋದರಮಾವನದ್ದು. ಹೊರಡೋಕೆ ಒಂದು ತಿಂಗಳ ಮುಂಚೆ ನಾನು ಅವರಿಗೊಂದು ಸೂಟ್ ಹೊಲಿಸೋಣ ಅಂದೆ. ಬೇಡ ಅಂದರು. ಕಾರಣ ಕೇಳಿದರೆ ಹೇಳಲಿಲ್ಲ. ಎರಡು ದಿನ ಬಿಟ್ಟು ಅಮ್ಮ ಫೋನ್ ಮಾಡಿದರು. "ಆ ಒಂದಿನ ರಾತ್ರಿ ತಾವು ರೂಮಲ್ಲೇ ಇರ್ತಾರಂತೆ ಕಣೋ. ಬ್ರೆಡ್ಡೋ ಹಣ್ಣೋ ತಿನ್ಕೊಂಡು ಮಲಗ್ತೀನಿ, ನೀವೆಲ್ಲ ಹೋಗ್ಬನ್ನಿ ಅಂತಿದಾರೆ."

ಇದು ನನಗೆ ಚುಚ್ಚಿತು. ಮಗ ಸೊಸೆ ಟಿಕೆಟ್ ಕೊಟ್ಟು ಕರ್ಕೊಂಡು ಹೋಗ್ತಿರೋ ಪ್ರವಾಸದಲ್ಲಿ, ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ಒಂದು ಕೋಟಿನ ದೆಸೆಯಿಂದ ರೂಮಲ್ಲಿ ಹಣ್ಣು ತಿಂದು ಮಲಗಬೇಕಾ? ಯಾರೂ ಅವರನ್ನು ಬಾಗಿಲಲ್ಲಿ ತಡೆದಿಲ್ಲ, ಅವರೇ ತಮ್ಮನ್ನು ತಡ್ಕೊಳ್ತಿದ್ದಾರೆ.

ಅವರ ಅಳುಕಿಗೆ ಕಾರಣವೂ ಇತ್ತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟು ಮಗನ ಜೊತೆ ಸಿನಿಮಾಗೆ ಬಂದ ರೈತರೊಬ್ಬರನ್ನು ಒಳಗೆ ಬಿಡದ ಸುದ್ದಿ ನಿಮಗೂ ನೆನಪಿರಬೇಕು. ಪ್ರತಿಭಟನೆ ಆಯಿತು, ವಿಧಾನಸಭೆಯಲ್ಲೂ ಚರ್ಚೆ ಆಯಿತು, ಮಾಲ್ ಕೆಲ ದಿನ ಮುಚ್ಚಬೇಕಾಯಿತು. ಅದಕ್ಕೂ ಹತ್ತು ವರ್ಷ ಹಿಂದೆ, 2014ರಲ್ಲಿ, ಚೆನ್ನೈನ ಕ್ಲಬ್ಬೊಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಟ್ಟಿರಲಿಲ್ಲ. ಅದೇ ವರ್ಷ ತಮಿಳುನಾಡು ಇಂಥ ನಿರ್ಬಂಧದ ವಿರುದ್ಧ ಕಾನೂನನ್ನೇ ತಂದಿತು. ನಮ್ಮದೇ ನೆಲದಲ್ಲಿ ಹೀಗಾದರೆ, ಪರದೇಶದ ಹಡಗಲ್ಲಿ ಏನು ಗತಿ ಅಂತ ಅಪ್ಪ ಯೋಚಿಸಿದ್ದು ತಪ್ಪೇನಲ್ಲ.

ನಾನು ಕಂಪನಿಗೆ ಒಂದು ಇಮೇಲ್ ಹಾಕಿದೆ. ನಮ್ಮ ತಂದೆ ಭಾರತೀಯ ಸಾಂಪ್ರದಾಯಿಕ ಉಡುಪಿನಲ್ಲಿ ಬರಬಹುದೇ ಅಂತ ಕೇಳಿ, ಪಂಚೆಯ ಫೋಟೋ ಕೂಡ ಲಗತ್ತಿಸಿದೆ. ಎರಡೇ ಸಾಲಿನ ಉತ್ತರ ಬಂತು: ಖಂಡಿತ ಬರಬಹುದು, ಸ್ವಾಗತ. ಅದನ್ನು ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದರು. "ಇದನ್ನ ಜೇಬಲ್ಲಿ ಇಟ್ಕೋತೀನಿ" ಅಂದರು.

ಆ ರಾತ್ರಿ ಜರಿ ಅಂಚಿನ ಬಿಳಿ ಪಂಚೆ, ಬಿಳಿ ಜುಬ್ಬ, ಹೆಗಲ ಮೇಲೆ ಶಲ್ಯ. ಅಮ್ಮ ಹಸಿರು ಮೈಸೂರು ಸಿಲ್ಕ್. ನಾನು ಕೋಟು, ನನ್ನ ಹೆಂಡತಿ ಇಳಕಲ್ ಸೀರೆ. ಭೋಜನಶಾಲೆ ಬಾಗಿಲಲ್ಲಿ ನಿಂತಿದ್ದಾಕೆ ನಗುತ್ತಾ ಟೇಬಲ್ ನಂಬರ್ ಕೇಳಿದಳು, ಅಷ್ಟೆ. ಪ್ರಿಂಟ್ ಜೇಬಿನಿಂದ ಹೊರಗೆ ಬರಲೇ ಇಲ್ಲ. ನಮ್ಮ ವೇಟರ್ ಇಂಡೋನೇಷ್ಯಾದ ಜಾವಾ ಕಡೆಯವನು. ಅಪ್ಪನ ಶಲ್ಯ ನೋಡಿ, "ನಮ್ಮಲ್ಲಿ ಮದುವೆಗೆ ಬಾಟಿಕ್ ಶರ್ಟ್ ಹಾಕಿದರೆ ಅದೇ ಫಾರ್ಮಲ್ ಸರ್, ಕೋಟು ಬೇಕಿಲ್ಲ" ಅಂದ. ಅಪ್ಪ ಅವನಿಗೆ ಶಲ್ಯ ಮಡಿಸುವ ರೀತಿ ವಿವರಿಸಿದರು, ಥೇಟ್ ಎಂಟನೇ ಕ್ಲಾಸಿಗೆ ಪಾಠ ಹೇಳುವ ಹಾಗೆ.

ಬೇಡ ಅನ್ನೋರ ಮಾತಿನಲ್ಲೂ ಸತ್ಯ ಇದೆ

ನನ್ನ ಕಸಿನ್ ಒಬ್ಬ ಬ್ಯಾಂಕಿನಲ್ಲಿದ್ದಾನೆ. ಅವನ ಮಾತು: "ವರ್ಷಪೂರ್ತಿ ಟೈ ಕಟ್ಕೊಂಡು ಸಾಯ್ತೀನಿ, ರಜದಲ್ಲೂ ಕಟ್ಬೇಕಾ?" ನ್ಯಾಯವೇ. ನಮ್ಮಂಥ ಐಟಿಯವರದು ಉಲ್ಟಾ ಕೇಸು. ಟೀಶರ್ಟಲ್ಲೇ ಆಫೀಸು, ಮನೆಯಿಂದ ಕೆಲಸ ಅಂದ್ರೆ ಕ್ಯಾಮೆರಾದ ಕೆಳಗೆ ಚಡ್ಡಿ. ನಮಗೆ ಒಂದು ಸಂಜೆ ಸಿಂಗರಿಸಿಕೊಳ್ಳೋದೇ ರಜ.

ಖರ್ಚಿನ ಮಾತೂ ಇದೆ. ಒಂದು ರಾತ್ರಿಗೋಸ್ಕರ ಹೊಸ ಸೂಟು, ಹೊಸ ಶೂಸು ಕೊಳ್ಳೋದು ನನ್ನ ಪ್ರಕಾರ ದಂಡ. ಚಿಕ್ಕ ಮಕ್ಕಳಿರುವವರಿಗೆ ಎರಡು ಗಂಟೆ ಕೂತು ಊಟ ಮಾಡುವುದೇ ಶಿಕ್ಷೆ. ಅಂಥವರು ಆ ರಾತ್ರಿ ಬಫೆಗೆ ಹೋದರೆ ಏನೂ ಕಳೆದುಕೊಳ್ಳುವುದಿಲ್ಲ, ಅಲ್ಲಿ ರಶ್ಶೂ ಕಡಿಮೆ ಇರುತ್ತದೆ.

ಆದರೆ ನನಗೆ ಒಪ್ಪಿಗೆಯಾಗದ ವಾದ ಒಂದಿದೆ: "ದುಡ್ಡು ಕೊಟ್ಟಿದೀನಿ, ಚಡ್ಡಿಯಲ್ಲೇ ಅದೇ ರೂಮಿಗೆ ಬರ್ತೀನಿ." ಪಕ್ಕದ ಟೇಬಲ್ಲಿನಲ್ಲಿ ಯಾರೋ ತಮ್ಮ ಐವತ್ತನೇ ಮದುವೆ ವಾರ್ಷಿಕೋತ್ಸವಕ್ಕೆ ಬಂದಿರುತ್ತಾರೆ. ಬೇರೆಯವರ ಮದುವೆಗೆ ಹೋಗುವಾಗ ನಾವು ಬೀರುವಿನಿಂದ ಒಳ್ಳೆ ಬಟ್ಟೆ ತೆಗೆಯೋದು ನಮಗೋಸ್ಕರ ಮಾತ್ರ ಅಲ್ಲವಲ್ಲ. ಇದೂ ಹಾಗೆ. ಇಷ್ಟ ಇಲ್ಲದಿದ್ದರೆ ಹೋಗಲು ಬೇರೆ ಜಾಗ ಇದೆ. ಹೋದ ಮೇಲೆ ಆ ಮನೆಯ ಮರ್ಯಾದೆ ಕಾಯಬೇಕು.

ಪ್ಯಾಕ್ ಮಾಡುವ ಮುಂಚೆ

ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಎರಡನ್ನೂ ಲಗೇಜ್ ಸ್ಕ್ಯಾನಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಕೆಲವು ಹಡಗುಗಳಲ್ಲಿ ಪ್ರಯಾಣಿಕರಿಗೆ ಇಸ್ತ್ರಿ ಮಾಡುವ ಕೋಣೆ ಇರುತ್ತದೆ, ಇಲ್ಲದಿದ್ದರೆ ದುಡ್ಡು ಕೊಟ್ಟು ಲಾಂಡ್ರಿಗೆ ಹಾಕಬೇಕು. ಹಾಗಾಗಿ ಕಾಟನ್ ಸೀರೆಗಿಂತ ಸುಕ್ಕಾಗದ ಕ್ರೇಪ್ ಸಿಲ್ಕ್ ವಾಸಿ. ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಮಡಿಸಿ, ಹಡಗು ಹತ್ತಿದ ದಿನವೇ ಹ್ಯಾಂಗರ್‌ಗೆ ಹಾಕಿ.

ಫಾರ್ಮಲ್ ನೈಟಿನ ಬಟ್ಟೆ ಮತ್ತು ಔಷಧಿ ಎರಡನ್ನೂ ಕೈಚೀಲದಲ್ಲಿಡಿ. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸು ರೂಮಿಗೆ ಬರೋದು ಕೆಲವು ಸಲ ಸಂಜೆಯಾಗುತ್ತದೆ. ಒಡವೆ ಜಾಸ್ತಿ ಬೇಡ, ಇದ್ದರೆ ರೂಮಿನ ಲಾಕರ್ ಬಳಸಿ. ಎತ್ತರದ ಹಿಮ್ಮಡಿ ಚಪ್ಪಲಿ ತೂಗಾಡುವ ಹಡಗಿಗೆ ಹೇಳಿಸಿದ್ದಲ್ಲ. ಸಸ್ಯಾಹಾರಿಗಳಾದರೆ ಮೊದಲ ರಾತ್ರಿಯೇ ವೇಟರ್‌ಗೆ ಹೇಳಿಡಿ. ಫಾರ್ಮಲ್ ನೈಟಿನ ಮೆನುವಿನಲ್ಲಿ ಹೆಚ್ಚಾಗಿ ಲಾಬ್‌ಸ್ಟರ್, ಸ್ಟೇಕ್‌ಗಳದ್ದೇ ಮೆರವಣಿಗೆ.

ಇನ್ನೊಂದು ಮಾತು. ಆ ರೂಮಿನಲ್ಲಿ ಡ್ರೆಸ್ ಕೋಡ್ ಬಗ್ಗೆ ಆಯ್ಕೆಯೇ ಇಲ್ಲದವರೂ ಇರುತ್ತಾರೆ. ತಟ್ಟೆ ಹಿಡಿದು ಓಡಾಡುವ ಹುಡುಗರು, ಹುಡುಗಿಯರು. ಅವರಲ್ಲಿ ಗೋವಾ, ಮಂಗಳೂರು ಕಡೆಯವರೂ ಸಿಗಬಹುದು. ತಿಂಗಳುಗಟ್ಟಲೆ ಮನೆಗೆ ಹೋಗದೆ ದುಡಿಯುವವರು. ನೀವು ಏನೇ ಉಟ್ಟಿರಿ, ಅವರ ಎದೆ ಮೇಲಿನ ಹೆಸರು ಓದಿ, ಹೆಸರು ಹಿಡಿದು ಒಂದು ಥ್ಯಾಂಕ್ಸ್ ಹೇಳಿ.

ಕೊನೆಗೆ, ನನ್ನ ಉತ್ತರ

ಸಿಂಗರಿಸಿಕೊಳ್ಳಿ. ಆದರೆ ಅದಕ್ಕೆ ಸೂಟು ಕೊಳ್ಳಬೇಕಿಲ್ಲ. ನಿಮ್ಮ ಬೀರುವಿನಲ್ಲಿ ಮದುವೆ, ಗೃಹಪ್ರವೇಶಕ್ಕೆ ಅಂತ ಎತ್ತಿಟ್ಟಿರುವುದು ಯಾವುದೋ ಅದೇ ನಿಮ್ಮ ಫಾರ್ಮಲ್. ಅಮ್ಮನ ಸಿಲ್ಕ್ ಸೀರೆಗೆ ಯಾವ ಗೌನೂ ಸಾಟಿಯಲ್ಲ. ಪಂಚೆ ಶಲ್ಯ ಸಲ್ಲುತ್ತದಾ ಅಂತ ಅನುಮಾನ ಇದ್ದರೆ ಮೊದಲೇ ಒಂದು ಇಮೇಲ್ ಹಾಕಿ, ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಸಿಂಗಾರವೇ ಬೇಡ ಅನ್ನಿಸಿದರೆ ಬಫೆಗೆ ಹೋಗಿ, ಡೆಕ್ ಮೇಲೆ ಕೂತು ಸಮುದ್ರ ನೋಡಿ, ಅದೂ ರಜವೇ.

ಒಂದೇ ಒಂದು ಎಚ್ಚರ. ನಿಮ್ಮ ಜೊತೆ ಬರುವ ಹಿರಿಯರು "ನಾನು ರೂಮಲ್ಲೇ ಇರ್ತೀನಿ" ಅಂದರೆ ಸುಮ್ಮನೆ ಹೂಂ ಅನ್ನಬೇಡಿ. ಯಾಕೆ ಅಂತ ಕೇಳಿ. ನಿಜವಾಗಲೂ ಸುಸ್ತಾಗಿದ್ದರೆ ಮಲಗಲಿ. ಬಟ್ಟೆ ಕಾರಣ ಆಗಿದ್ದರೆ, ಅದನ್ನು ಪರಿಹರಿಸುವುದು ನಮ್ಮ ಕೈಯಲ್ಲೇ ಇದೆ.